ಬಾಡಿಗೆ ಮನೆಯ ತೇವ

ಊರಿನಲ್ಲಿ ಮಳೆಯ ಮಾತು ಆಷಾಢದ್ದು, ಚೆನ್ನೈಯಲ್ಲಿ ದೀಪಾವಳಿಯದು. ಊರು ಬಿಟ್ಟು ಇಲ್ಲಿ ಬಂದು ನೆಲಸಿದ ನಮಗೆಲ್ಲ ಈ ಎರಡು ಲೆಕ್ಕಗಳನ್ನೂ ಒಟ್ಟಿಗೆ ಇಟ್ಟುಕೊಂಡು ಬಾಳುವುದು ಅಭ್ಯಾಸವಾಗಿಹೋಗಿದೆ. ಜೂನ್ ತಿಂಗಳಲ್ಲಿ ಊರಿನವರು ಫೋನು ಮಾಡಿ, ಮೂರು ದಿನದಿಂದ ಬಿಡದೆ ಹೊಯ್ಯುತ್ತಿದೆ ಎಂದರೆ ನಾವು ಫ್ಯಾನಿನ ಕೆಳಗೆ ಬೆವರೊರೆಸಿಕೊಳ್ಳುತ್ತ ಹೊಟ್ಟೆಕಿಚ್ಚು ಪಡುತ್ತೇವೆ. ಅಕ್ಟೋಬರಿನ ಕೊನೆಗೆ ಈಶಾನ್ಯದ ಮಾರುತ ಇಲ್ಲಿಗೆ ಮುಟ್ಟಿತೆಂದರೆ ಹೊಟ್ಟೆಕಿಚ್ಚಿಗೆ ಕಾರಣವೇ ಉಳಿಯುವುದಿಲ್ಲ. ವರ್ಷಕ್ಕೆ ಸುಮಾರು 1400 ಮಿಲಿಮೀಟರ್ ಮಳೆ ಈ ಊರಿಗೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೂರೇ ತಿಂಗಳಲ್ಲಿ ಸುರಿಯುತ್ತದೆ. ಆಗ ಪಟಾಕಿ ನೆನೆಯುತ್ತದೆ, ದೊರೈಸ್ವಾಮಿ ಸಬ್‌ವೇಯಲ್ಲಿ ನೀರು ನಿಲ್ಲುತ್ತದೆ, ಬಾಡಿಗೆ ಮನೆಗಳ ಗೋಡೆಗಳು ತಮ್ಮ ನಿಜಬಣ್ಣ ತೋರಿಸುತ್ತವೆ.

ಗೋಡೆಗೆ ಹತ್ತುವ ತೇವಕ್ಕೆ ಇಲ್ಲಿಯವರು 'ಓದಂ' ಎನ್ನುತ್ತಾರೆ. ಸಮುದ್ರದ ಉಬ್ಬರಕ್ಕೂ ತಮಿಳಿನಲ್ಲಿ ಅದೇ ಮಾತು. ಕಡಲೇ ಮೆಲ್ಲನೆ ನೆಲದಡಿಯಿಂದ ಬಂದು ಗೋಡೆ ಹತ್ತಿತು ಎಂಬ ಭಾವ. ನಮ್ಮಲ್ಲಿ ಸಾಮಾನ್ಯವಾಗಿ 'ಥಂಡಿ' ಎನ್ನುತ್ತೇವೆ. ಗೋಡೆಗೂ ಥಂಡಿ, ಮಗುವಿನ ಎದೆಗೂ ಥಂಡಿ. ಅವರ ಮಾತು ಗೋಡೆಯನ್ನು ಕಡಲಿಗೆ ಸೇರಿಸಿದರೆ ನಮ್ಮದು ಮನುಷ್ಯನ ಎದೆಗೆ ಸೇರಿಸಿದೆ. ಈ ಎರಡನೆಯ ಸಂಬಂಧದ ವಿಷಯವಾಗಿಯೇ ನಾವು ಇಲ್ಲಿ ಒಂದು ಹಳೆಯ ಲೆಕ್ಕವನ್ನು ಬಿಚ್ಚಬೇಕೆಂದಿದ್ದೇವೆ. ಲೆಕ್ಕ ನಮಗೆ ಗೌರವ ತರುವಂಥದಲ್ಲ. ಆದರೆ ಈ ಪತ್ರಿಕೆ ಓದುವ ಮನೆಗಳಲ್ಲಿ ಹಲವರು ಇಂಥ ಗೋಡೆಯ ಮುಂದೆ ನಿಂತವರೇ. ಆದ್ದರಿಂದ ಬೇರೆಯವರ ಹೆಸರಿನಲ್ಲಿ ಕತೆ ಕಟ್ಟುವುದಕ್ಕಿಂತ ನಮ್ಮ ಹೆಸರಿನಲ್ಲಿಯೇ ಹೇಳುವುದು ಮೇಲು.

ನಾವು ಉಡುಪಿಯ ಕಡೆಯವರು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ನೋಡಿ ಬೆಳೆದವರು. ಅದರ ಮೂರರಲ್ಲೊಂದು ಪಾಲು ಮಳೆ ಬರುವ ಊರಿಗೆ ಬಂದು ತೇವದಿಂದ ಒದ್ದಾಡಿದೆವೆಂದರೆ ಯಾರಿಗಾದರೂ ನಗು ಬಂದೀತು. ಆದರೆ ಅಲ್ಲಿಯ ಮನೆ ಮಳೆಯನ್ನು ಎದುರಿಟ್ಟುಕೊಂಡೇ ಕಟ್ಟಿದ್ದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಹಂಚು, ಕಡಿದಾದ ಮಾಡು, ಗೋಡೆಗೆ ಹನಿ ತಾಗದಷ್ಟು ಮುಂದಕ್ಕೆ ಚಾಚಿದ ಸೂರು. ಬಚ್ಚಲು ಒಲೆಗೆ ಬೆಂಕಿ ಆರುತ್ತಿರಲಿಲ್ಲ. ಅದರ ಮೇಲೆ ಕಟ್ಟಿದ ಗಳದ ಮೇಲೆ ಬಟ್ಟೆ ಒಣಗುತ್ತಿತ್ತು, ಹೊಗೆ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು, ಜೊತೆಗೆ ತೇವವೂ ಹೋಗುತ್ತಿತ್ತು. ಬಟ್ಟೆಗೆಲ್ಲ ಹೊಗೆಯ ವಾಸನೆ, ನಿಜ. ಬೂಷ್ಟಿನ ವಾಸನೆಗಿಂತ ಅದು ವಾಸಿ.

2005ರ ಜೂನಿನಲ್ಲಿ ನಾವು ಪಶ್ಚಿಮ ಮಾಂಬಲದಲ್ಲಿ ಒಂದು ಪೋರ್ಷನ್ ಹಿಡಿದೆವು. ನೆಲ ಅಂತಸ್ತು, ಎರಡು ಕೋಣೆ, ಅಡಿಗೆಮನೆ, ಹಿಂದೆ ಕೈಯಗಲದ ಅಂಗಳ. ಮೇಲೆ ಓನರು. ಅವರು ನಿವೃತ್ತ ಮೇಷ್ಟರು, ಜೊತೆಗೆ ಅವರ ಪತ್ನಿ. ಗೋಡೆಗಳಿಗೆ ಹೊಸ ಬಣ್ಣ, ತಿಳಿಹಸಿರು. ಒಳಕೋಣೆಯ ಗೋಡೆಯಲ್ಲಿ, ಸೊಂಟದ ಎತ್ತರಕ್ಕೆ, ಹಿಂದಿನವರು ಒಂದು ಲಕ್ಷ್ಮೀ ಕ್ಯಾಲೆಂಡರು ಬಿಟ್ಟುಹೋಗಿದ್ದರು. ದೇವರ ಪಟ ಇಷ್ಟು ಕೆಳಗೇಕೆ ಎಂದು ನಮಗೆ ಆಗ ಹೊಳೆಯಲಿಲ್ಲ. ಬರಿಯ ಮನೆಗೆ ಕಾಲಿಡಬಾರದೆಂದು ಬಿಟ್ಟಿರಬೇಕು, ಒಳ್ಳೆಯ ಜನ ಅಂದುಕೊಂಡೆವು.

ಆ ವರ್ಷದ ಮಳೆ ಚೆನ್ನೈಯವರಿಗೆ ನೆನಪಿರುತ್ತದೆ. ಅಕ್ಟೋಬರ್ ಕೊನೆಯಿಂದ ಡಿಸೆಂಬರಿನವರೆಗೆ ಮತ್ತೆ ಮತ್ತೆ ಊರು ನೀರಿನಲ್ಲಿ ನಿಂತಿತು. ನವೆಂಬರಿನ ಒಂದು ಬೆಳಗ್ಗೆ ಕ್ಯಾಲೆಂಡರು ತಾನಾಗಿಯೇ ನೆಲಕ್ಕೆ ಬಿತ್ತು. ಕಾಗದ ತೊಯ್ದು ಮೆತ್ತಗಾಗಿ ಮೊಳೆಯಿಂದ ಕಳಚಿಕೊಂಡಿತ್ತು. ಹಿಂದೆ ಗೋಡೆಯ ಮೇಲೆ ಒಂದು ನಕಾಶೆ. ಬಣ್ಣ ಗುಳ್ಳೆಯೆದ್ದು ಹಕ್ಕಳೆಯಾಗಿತ್ತು, ಹಕ್ಕಳೆಯಡಿ ಬಿಳಿಯ ಉಪ್ಪು ಹೂವಿನಂತೆ ಅರಳಿತ್ತು. ಆ ತಿಂಗಳೇ ಇನ್ನೊಂದು ಗೋಡೆಯಲ್ಲಿ, ಬೀರುವಿನ ಹಿಂದೆ, ಕರಿಯ ಬೂಷ್ಟು ಕಾಣಿಸಿಕೊಂಡಿತು. ಮದುವೆಯ ರೇಷ್ಮೆ ಸೀರೆಯ ಮಡಿಕೆಗಳಲ್ಲಿ ಬಿಳಿಯ ಚುಕ್ಕೆ, ಊರಿನಿಂದ ಹೊತ್ತು ತಂದಿದ್ದ 'ಕಸ್ತೂರಿ'ಯ ಹಳೆಯ ಸಂಚಿಕೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿದ್ದವು.

ಓನರಿಗೆ ತೋರಿಸಿದೆವು. ಅವರು ಕನ್ನಡಕ ಏರಿಸಿ ಗೋಡೆ ನೋಡಿದರು, ಆಮೇಲೆ ತಲೆಯೆತ್ತಿ ನೋಡಿದರು. ಮೇಲೆ ಬಿದಿರಿನ ಗಳದ ಮೇಲೆ ಅಮ್ಮನ ಮಡಿಸೀರೆ, ಪಕ್ಕದ ಹಗ್ಗದಲ್ಲಿ ಮಿಕ್ಕವರ ಬಟ್ಟೆ, ಎಲ್ಲದರಿಂದಲೂ ತೊಟ್ಟು ತೊಟ್ಟು. 'ದಿನಾ ಇಷ್ಟು ಒಗೆದು ಒಳಗೇ ಒಣಗಿಸಿದರೆ ಗೋಡೆಯಾದರೂ ಏನು ಮಾಡುತ್ತದೆ?' ಎಂದು ತಮಿಳಿನಲ್ಲಿ, ಬಹು ಮರ್ಯಾದೆಯಾಗಿಯೇ ಕೇಳಿದರು. ಅಮ್ಮನಿಗೆ ತಮಿಳು ಬರುತ್ತಿರಲಿಲ್ಲ, ಆದರೆ ಆ ವಾಕ್ಯ ಪೂರ್ತಿ ಅರ್ಥವಾಯಿತು. ಎರಡು ದಿನ ಅವರು ಮೇಷ್ಟರ ಹೆಸರು ಎತ್ತಿದರೆ ಮಾತಾಡುತ್ತಿರಲಿಲ್ಲ.

ಇಲ್ಲಿಂದಲೇ ನಮ್ಮ ಪ್ರಶ್ನೆ ಹುಟ್ಟಿದ್ದು. ತೇವ ಯಾರದು?

ಸಂಘದಲ್ಲಿ ಪರಿಚಯವಾಗಿದ್ದ, ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಇದಕ್ಕೊಂದು ಪರೀಕ್ಷೆ ಹೇಳಿಕೊಟ್ಟರು. ಅಡಿಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ಒಂದಡಿ ಚೌಕಕ್ಕೆ ಕತ್ತರಿಸಿ, ಗೋಡೆಯ ಮೇಲಿನ ನೀರನ್ನು ಒರೆಸಿ, ನಾಲ್ಕು ಅಂಚಿಗೂ ಟೇಪು ಬಿಗಿದು ಎರಡು ದಿನ ಬಿಡಬೇಕು. ಹಾಳೆ ತೆಗೆದಾಗ ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಅದು ಕಟ್ಟಡದ ದೋಷ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಕೋಣೆಯ ಗಾಳಿಯ ನೀರು ತಣ್ಣನೆಯ ಗೋಡೆಗೆ ಬಡಿದು ಹನಿಯಾಗುತ್ತಿದೆ. ಅದು ವಾಸಿಸುವವರ ಕೆಲಸ. ನ್ಯಾಯಾಲಯಕ್ಕಿಂತ ಬೇಗ, ಕಾಸಿನ ಖರ್ಚಿಲ್ಲದ ತೀರ್ಪು.

ನಾವು ಎರಡು ಕಡೆ ಹಾಳೆ ಅಂಟಿಸಿದೆವು. ಕ್ಯಾಲೆಂಡರಿದ್ದ ಗೋಡೆಯಲ್ಲಿ ಒಳಮೈ ಒದ್ದೆ. ಬೀರುವಿನ ಹಿಂದೆ ಹೊರಮೈ ಒದ್ದೆ. ಎಂದರೆ ಒಂದು ಗೋಡೆ ಮೇಷ್ಟರದು, ಒಂದು ಗೋಡೆ ನಮ್ಮದು.

ಕಾರಣಗಳೂ ಹಾಗೆಯೇ ಇದ್ದವು. ಹಳೆಯ ಕಟ್ಟಡ, ತಳಪಾಯಕ್ಕೂ ಗೋಡೆಗೂ ನಡುವೆ ನೀರು ತಡೆಯುವ ಪದರ ಇರಲಿಲ್ಲ, ಅಥವಾ ಇದ್ದದ್ದು ಸವೆದಿತ್ತು. ದೀಪದ ಬತ್ತಿ ಎಣ್ಣೆ ಎಳೆದಂತೆ ಇಟ್ಟಿಗೆ ನೆಲದ ನೀರನ್ನು ಎಳೆಯುತ್ತದೆ. ನೀರಿನ ಜೊತೆ ಉಪ್ಪೂ ಬರುತ್ತದೆ. ನೀರು ಆರಿದರೂ ಉಪ್ಪು ಉಳಿಯುತ್ತದೆ, ಮತ್ತೆ ಗಾಳಿಯ ತೇವವನ್ನು ಹೀರುತ್ತದೆ. ಹಿಂದಿನವರು ಇಲ್ಲಿ ಚಿಪ್ಪಿನ ಸುಣ್ಣದ ಗಾರೆ ಬಳಿಯುತ್ತಿದ್ದರು. ಮದರಾಸಿನ ಸುಣ್ಣದ ಗಾರೆಯ ನುಣುಪು ಆ ಕಾಲಕ್ಕೆ ದೂರದೂರಕ್ಕೆ ಹೆಸರಾಗಿತ್ತು. ಅದರಲ್ಲಿ ಗೋಡೆಗೆ ಉಸಿರಿತ್ತು, ಹೀರಿದ್ದನ್ನು ಹೊರಗೆ ಬಿಡುತ್ತಿತ್ತು. ಅದರ ಮೇಲೆ ಸಿಮೆಂಟು ಮೆತ್ತಿ, ಸಿಮೆಂಟಿನ ಮೇಲೆ ಪ್ಲಾಸ್ಟಿಕ್ ಬಣ್ಣ ಹಚ್ಚಿದರೆ ಬಾಯಿ ಕಟ್ಟಿದ ಹಾಗೆ. ನೀರು ದಾರಿ ಸಿಗುವವರೆಗೂ ಮೇಲಕ್ಕೆ ಹತ್ತುತ್ತದೆ, ದಾರಿ ಸಿಕ್ಕಲ್ಲಿ ಬಣ್ಣವನ್ನು ಒದ್ದು ಹೊರಬರುತ್ತದೆ. ಬೀರುವಿನ ಹಿಂದಿನದು ಸರಳ. ಹೊರಗೆ ಮಳೆ ಎಂದು ಕಿಟಕಿ ಮುಚ್ಚಿದ್ದೆವು, ಒಳಗೆ ಅನ್ನ ಬೇಯುತ್ತಿತ್ತು, ಮೂರು ಬಕೆಟ್ ಬಟ್ಟೆ ಒಣಗುತ್ತಿತ್ತು. ಬಟ್ಟೆ ಒಣಗಿತು ಎಂದರೆ ನೀರು ಎಲ್ಲಿಗೋ ಹೋಯಿತೆಂದೇ ಅರ್ಥವಲ್ಲವೆ? ಹೊರಗೆ ಹೋಗಲು ದಾರಿಯಿಲ್ಲದೆ ಗಾಳಿಯಾಡದ ಮೂಲೆಯನ್ನು ಹುಡುಕಿಕೊಂಡಿತ್ತು.

ಮೊದಲನೆಯ ಹಾಳೆಯನ್ನು ಮೇಷ್ಟರಿಗೆ ತೋರಿಸಿದೆವು. ಎರಡನೆಯದನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿದೆವು.

ಆಗ ಅದು ದೊಡ್ಡ ಅಪರಾಧವೆಂದು ತೋರಲಿಲ್ಲ. ವಾದ ಗೆಲ್ಲಬೇಕಾದವರು ತಮ್ಮ ವಿರುದ್ಧದ ಸಾಕ್ಷ್ಯವನ್ನು ತಾವೇ ತಂದು ಕೊಡುತ್ತಾರೆಯೆ? ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದೆವು, ಗಳವನ್ನು ಹಿಂದಿನ ಅಂಗಳದ ಸಜ್ಜೆಯ ಕೆಳಗೆ ಕಟ್ಟಿಸಿದೆವು, ಅಡಿಗೆಮನೆಯ ಮೇಲುಕಿಟಕಿ ತೆರೆದಿಟ್ಟೆವು. ನಮ್ಮ ಗೋಡೆ ಗುಣವಾಯಿತು. ಮೇಷ್ಟರ ಗೋಡೆ ಗುಣವಾಗಲಿಲ್ಲ. ಅವರು ಪ್ರತಿವರ್ಷ ಪೊಂಗಲಿಗೆ ಮುಂಚೆ ಆಳು ಕರೆಸಿ, ಉದುರಿದ್ದನ್ನು ಕೆರೆಸಿ, ತೇಪೆ ಹಾಕಿಸಿ, ಬಣ್ಣ ಬಳಿಸುತ್ತಿದ್ದರು. ಮುಂದಿನ ಕಾರ್ತಿಕಕ್ಕೆ ಮತ್ತೆ ಅದೇ ನಕಾಶೆ. ಗಾರೆ ಪೂರ್ತಿ ಕಿತ್ತು ತಳದಿಂದ ಕೆಲಸ ಮಾಡಿಸಲು ಅವರಿಗೆ ಪಿಂಚಣಿ ಸಾಲದು. ನಮ್ಮ ಬಾಡಿಗೆಯಿಂದಲೇ ಅವರ ಪತ್ನಿಯ ಔಷಧ ಬರುತ್ತಿತ್ತು ಎಂಬುದೂ ನಮಗೆ ಗೊತ್ತಿತ್ತು. ಒಂಬತ್ತು ವರ್ಷ ಆ ಗೋಡೆಯ ಜೊತೆ ಬಾಳಿದೆವು. ಅಭ್ಯಾಸವಾದ ಕಷ್ಟಕ್ಕೆ ಒಂದು ತರಹದ ನೆಂಟಸ್ತಿಕೆ ಬಂದುಬಿಡುತ್ತದೆ.

2014ರ ಮೇ ತಿಂಗಳಲ್ಲಿ ಮನೆ ಬಿಟ್ಟೆವು. ಮೇ ತಿಂಗಳೆಂದರೆ ಚೆನ್ನೈಯ ಗೋಡೆಗಳಿಗೆಲ್ಲ ಮದುವೆಯ ಕಾಲ. ಒಣಗಿ, ಬಣ್ಣ ಹಚ್ಚಿಸಿಕೊಂಡು, ವಧುಪರೀಕ್ಷೆಗೆ ಸಿದ್ಧವಾಗಿ ನಿಂತಿರುತ್ತವೆ. ನಮ್ಮ ಬಾಡಿಗೆ ಒಂಬತ್ತು ಸಾವಿರ, ಕೊಟ್ಟ ಅಡ್ವಾನ್ಸು ಹತ್ತು ತಿಂಗಳದು, ತೊಂಬತ್ತು ಸಾವಿರ. ಇಲ್ಲಿಯ ಪದ್ಧತಿ ಓದುಗರಿಗೆ ಗೊತ್ತೇ ಇದೆ. ಹೋಗುವವರ ಅಡ್ವಾನ್ಸು ಬರುವವರ ಅಡ್ವಾನ್ಸಿನಿಂದ ತೀರಬೇಕು. ಮೇಷ್ಟರು ಸ್ಪಷ್ಟವಾಗಿಯೇ ಹೇಳಿದ್ದರು: ಹೊಸ ಪಾರ್ಟಿ ಬಂದ ದಿನ ನಿಮ್ಮ ಹಣ. ನಾವು ಹೊಸ ಮನೆಗೆ ಆಗಲೇ ಮಾತು ಕೊಟ್ಟು ಅರ್ಧ ಹಣ ಸಾಲ ಮಾಡಿದ್ದೆವು.

ಬಂದವರು ಹಾಸನದ ಕಡೆಯ ದಂಪತಿಗಳು. ಮೂವತ್ತರ ಆಸುಪಾಸು, ಮೂರು ವರ್ಷದ ಹುಡುಗ. ಗೇಟಿನ ಹೊರಗೆ ನಮ್ಮ ಮಾತು ಕೇಳಿಸಿದ ಕೂಡಲೆ ಆಕೆಯ ಮುಖ ಅರಳಿತು. ಪರವೂರಿನ ಬೀದಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ನಾವು ವಿವರಿಸಬೇಕಾಗಿಲ್ಲ. ಕೋಣೆ ಕೋಣೆ ನೋಡಿದರು. ಒಳಕೋಣೆಯಲ್ಲಿ ನಿಂತು ಆಕೆ ಕೇಳಿದಳು: 'ಮನೇಲಿ ಥಂಡಿ ಗಿಂಡಿ ಏನಾದ್ರೂ ಇದ್ಯಾ ಅಕ್ಕ? ಮಗೂಗೆ ಸ್ವಲ್ಪ ಉಬ್ಬಸ. ಅದಕ್ಕೇ ಕೇಳ್ದೆ.'

'ಗಾಳಿ ಬೆಳಕು ಚೆನ್ನಾಗಿದೆಯಮ್ಮ' ಎಂದೆವು.

ನಮ್ಮಿಬ್ಬರಲ್ಲಿ ಆ ಮಾತನ್ನು ಆಡಿದವರು ಯಾರು ಎಂಬುದು ಮುಖ್ಯವಲ್ಲ. ಒಬ್ಬರು ಆಡಿದಾಗ ಇನ್ನೊಬ್ಬರಿಗೆ, ತಾವು ಆಡಬೇಕಾಗಿ ಬರಲಿಲ್ಲವಲ್ಲ ಎಂದು ಸಮಾಧಾನವಾಯಿತು. ಆದ್ದರಿಂದ ಇಬ್ಬರೂ ಆಡಿದಂತೆಯೇ. ಹಿಂದಿನ ಸಂಜೆಯೇ ಆ ಗೋಡೆಯ ಮೇಲೆ ನಮ್ಮದೇ ಒಂದು ಕ್ಯಾಲೆಂಡರು ನೇತುಹಾಕಿದ್ದೆವು. ಅದೇ ಮೊಳೆಗೆ, ಅಷ್ಟೇ ಕೆಳಗೆ. ಏಕೆ ಹಾಕಿದಿರಿ ಎಂದು ಯಾರಾದರೂ ಕೇಳಿದ್ದರೆ, ಬರಿಯ ಮನೆ ಕಾಣಬಾರದೆಂದು ಎನ್ನುತ್ತಿದ್ದೆವು. ಅದನ್ನು ನಾವೂ ನಂಬಿದ್ದೆವು.

ಗಾಳಿ ಬೆಳಕು ಚೆನ್ನಾಗಿತ್ತು ಎಂಬುದು ಸುಳ್ಳಲ್ಲ. ಹಿಂದಿನ ಅಂಗಳದಿಂದ ಸಂಜೆ ಕಡಲಗಾಳಿ ಬರುತ್ತಿತ್ತು. ಮಾತು ಸತ್ಯ, ಉತ್ತರ ಸುಳ್ಳು. ಇಂಥ ಮಾತಿನ ಜಾತಿ ಯಾವುದೆಂದು ಭಾರತ ಕೇಳಿ ಬೆಳೆದವರಿಗೆ ಗೊತ್ತು. ಅಶ್ವತ್ಥಾಮನೆಂಬ ಆನೆ ಸತ್ತದ್ದು ನಿಜವೇ. ಧರ್ಮರಾಯ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆದರೂ ನೆಲಕ್ಕೆ ತಾಗದೆ ನಡೆಯುತ್ತಿದ್ದ ಅವನ ರಥ ಅಂದು ನೆಲಕ್ಕಿಳಿಯಿತು. ಅವನಿಗಾದರೂ ಎದುರಿಗೆ ದ್ರೋಣನಿದ್ದ, ಹಿಂದೆ ಕೃಷ್ಣನ ಒತ್ತಾಯವಿತ್ತು, ಒಂದು ರಾಜ್ಯ ಪಣಕ್ಕಿತ್ತು. ನಮ್ಮ ಎದುರಿಗಿದ್ದದ್ದು ಉಬ್ಬಸದ ಮಗುವಿನ ತಾಯಿ, ಪಣ ತೊಂಬತ್ತು ಸಾವಿರ. ಅದೂ ಕಳೆದುಹೋಗುವ ಹಣವಲ್ಲ, ಒಂದೆರಡು ತಿಂಗಳು ತಡವಾಗಿ ಬರಬಹುದಾಗಿದ್ದ ಹಣ.

ಸಮರ್ಥನೆಗಳು ನಮ್ಮಲ್ಲಿಯೂ ಇದ್ದವು. ನಮಗೆ ಹಿಂದಿನವರು ಹೇಳಿದ್ದರೆ? ಇಲ್ಲ. ಆ ಬೀದಿಯ ನೆಲ ಅಂತಸ್ತಿನ ಮನೆಗಳೆಲ್ಲ ಹೀಗೆಯೇ ಅಲ್ಲವೆ? ಹೌದು. ಆದರೆ ಎಲ್ಲ ಮನೆಗಳೂ ಹೀಗೆಯೇ ಆಗಿದ್ದರೆ ಹೇಳಿಬಿಡುವುದರಿಂದ ನಮಗೆ ನಷ್ಟವೂ ಇರಲಿಲ್ಲ. ಹೇಳದೆ ಬಿಟ್ಟೆವು ಎಂಬುದರಿಂದಲೇ ಅದನ್ನು ನಾವೇ ನಂಬಿರಲಿಲ್ಲ ಎಂದಾಗುತ್ತದೆ. ಮೇಷ್ಟರಿಗೆ ನಷ್ಟವಾಗುತ್ತದೆ, ಪಾಪ, ಅವರ ಪತ್ನಿಯ ಔಷಧ, ಎಂಬುದು ಇನ್ನೊಂದು. ಒಂಬತ್ತು ವರ್ಷ ಅವರ ಮೇಲೆ ಗೊಣಗಿದವರಿಗೆ ಮನೆ ಬಿಡುವ ವಾರದಲ್ಲಿ ಅವರ ಮೇಲೆ ಇಷ್ಟು ಕರುಣೆ ಉಕ್ಕಿತೆಂದರೆ, ಆ ಕರುಣೆಯ ಬಣ್ಣವನ್ನೂ ಸ್ವಲ್ಪ ಕೆರೆದು ನೋಡಬೇಕು.

ನಿಜವಾಗಿ ಯೋಚನೆಗೆ ಹಚ್ಚಿದ ಸಮರ್ಥನೆ ಬೇರೆಯದು. ಆ ದಂಪತಿಗಳಿಗೂ ನಮಗೂ ಏನು ಸಂಬಂಧ? ಓನರಿಗೂ ಬಾಡಿಗೆದಾರರಿಗೂ ಕರಾರುಪತ್ರವಿದೆ. ಅವರಿಬ್ಬರ ಹಕ್ಕು ಬಾಧ್ಯತೆಗಳನ್ನು ಹೇಳಲು ಈ ರಾಜ್ಯದಲ್ಲಿ 1960ರ ಕಾಯಿದೆಯಿತ್ತು. ಅದರ ಜಾಗಕ್ಕೆ ಬಂದ 2017ರ ಕಾಯಿದೆ 2019ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಹೊಸದರಲ್ಲಿ ಕಟ್ಟಡದ ಮುಖ್ಯ ದುರಸ್ತಿ, ಗೋಡೆಯ ಸುಣ್ಣ ಬಣ್ಣ ಓನರ ಪಾಲಿಗೆ. ನಲ್ಲಿಯ ವಾಷರು, ಚರಂಡಿಯ ಶುಚಿ, ಸ್ವಿಚ್ಚಿನ ರಿಪೇರಿ ನಮ್ಮ ಪಾಲಿಗೆ. ಬೇರೆ ಒಪ್ಪಂದವಿಲ್ಲದಿದ್ದರೆ ಅಡ್ವಾನ್ಸು ಮೂರು ತಿಂಗಳ ಬಾಡಿಗೆ ಮೀರಬಾರದು. ಒಳ್ಳೆಯದೇ. ಆದರೆ ಹೋಗುವ ಬಾಡಿಗೆದಾರ ಬರುವ ಬಾಡಿಗೆದಾರನಿಗೆ ಏನು ಹೇಳಬೇಕೆಂಬುದು ಯಾವ ಕರಾರಿನಲ್ಲಿಯೂ ಇಲ್ಲ. ಅವರಿಬ್ಬರೂ ಒಂದೇ ಬಾಗಿಲಲ್ಲಿ ಒಂದು ಗಂಟೆ ಎದುರುಬದುರಾಗುವವರು, ಅಷ್ಟೆ. ಒಬ್ಬರಿಗೊಬ್ಬರು ಏನನ್ನೂ ಮಾರಿಲ್ಲ, ಕೊಂಡಿಲ್ಲ.

ಮಂಗಳೂರು ಮೇಲಿನಲ್ಲಿ ನಮ್ಮ ಬರ್ತಿಗೆ ಬರುವವರಿಗೆ ಇಳಿಯುವ ಮುಂಚೆ ನಾವು ಕೇಳದೆಯೇ ಹೇಳುತ್ತೇವೆ: 'ಈ ಫ್ಯಾನು ತಿರುಗೋದಿಲ್ಲ, ಪೆನ್ನಿನಿಂದ ಒಮ್ಮೆ ತಿವಿದರೆ ತಿರುಗುತ್ತೆ.' ಅಲ್ಲಿಯೂ ನಮಗೂ ಅವರಿಗೂ ಕರಾರಿಲ್ಲ. ಆದರೂ ಹೇಳುತ್ತೇವೆ, ಏಕೆಂದರೆ ಅಲ್ಲಿ ನಿಜಕ್ಕೆ ನಾವು ಏನನ್ನೂ ತೆರಬೇಕಾಗಿಲ್ಲ. ಮನೆಯಲ್ಲಿ ತೆರಬೇಕಾಗಿತ್ತು. ಹಾಗಾದರೆ ಸಂಬಂಧವಿಲ್ಲ ಎಂಬ ವಾದ ನಮಗೆ ನೆನಪಾದದ್ದು ಬೆಲೆ ಕೇಳಿದ ಮೇಲೆ. ಅಲ್ಲದೆ, ಸಂಬಂಧವಿಲ್ಲ ಎನ್ನುವುದಾದರೆ ಆಕೆಯ ಪಾಲಿಗೆ ಅದು ಸುಳ್ಳಾಗಿತ್ತು. ಬ್ರೋಕರು ಹೇಳಿದ್ದನ್ನು ಆಕೆ ನಂಬಿರಲಿಲ್ಲ, ಅದಕ್ಕೇ ನಮ್ಮನ್ನು ಕೇಳಿದಳು. ನಮ್ಮವರು ಎಂದು ಕೇಳಿದಳು. ಆ 'ನಮ್ಮವರು' ಎಂಬುದನ್ನು ನಾವು ಒಪ್ಪಿಕೊಂಡು ಕಾಫಿ ಕೊಟ್ಟೆವು, ಯಾವ ಊರು ಯಾವ ಮನೆತನ ವಿಚಾರಿಸಿದೆವು, ಸಂಘದ ವಿಳಾಸ ಬರೆದುಕೊಟ್ಟೆವು. ಒಂದೇ ಒಂದು ವಿಷಯಕ್ಕೆ ಮಾತ್ರ ಪರಕೀಯರಾದೆವು.

ಹಣ ಬಂತು. ಸಾಲ ತೀರಿತು.

ಆ ವರ್ಷದ ನವೆಂಬರಿನಲ್ಲಿ ಸಂಘದ ರಾಜ್ಯೋತ್ಸವಕ್ಕೆ ಅವರು ಬಂದಿದ್ದರು. ಊಟದ ಪಂಕ್ತಿಯಲ್ಲಿ ಎದುರಿಗೇ ಎಲೆ ಬಿತ್ತು. ಹುಡುಗ ಅಪ್ಪನ ತೊಡೆಯ ಮೇಲೆ ಕೂತು ಹಪ್ಪಳ ಮುರಿಯುತ್ತಿದ್ದ. ಉಸಿರಿನಲ್ಲಿ ಸಣ್ಣಗೆ ಒಂದು ಸಿಳ್ಳು. ಎರಡು ವಾರದಲ್ಲಿ ಮೂರು ಸಲ ಆಸ್ಪತ್ರೆಗೆ ಹೋಗಿ ನೆಬ್ಯುಲೈಜರ್ ಹಿಡಿಸಿ ಬಂದರಂತೆ. ಆಕೆ ಸಿಟ್ಟಿನಿಂದ ಕೇಳಲಿಲ್ಲ. ಸಾರು ಕಲಸುತ್ತ, ತಲೆಯೆತ್ತದೆ ಕೇಳಿದಳು: 'ಒಳಕೋಣೆ ಗೋಡೆ ನಿಮ್ ಕಾಲದಲ್ಲೂ ಹೀಗೇ ಇತ್ತಾ ಅಕ್ಕ?'

ಈ ಸಲ 'ಇತ್ತಮ್ಮ' ಎಂದೆವು. 'ಒಂಬತ್ತು ವರ್ಷವೂ ಇತ್ತು. ಅವತ್ತು ಹೇಳಬೇಕಾಗಿತ್ತು, ಹೇಳಲಿಲ್ಲ.'

ಆಕೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಪಾಯಸ ಬಡಿಸುವವರು ಬಂದು ಹೋದರು. ಆಮೇಲೆ, 'ನೀವು ಅದಕ್ಕೆ ಏನ್ ಮಾಡ್ತಿದ್ರಿ?' ಎಂದಳು. ಕ್ಷಮೆ ಕೇಳಿದವರಿಗೆ ಕ್ಷಮೆ ಕೊಡುವ ಬದಲು ಕೆಲಸ ಕೊಡುವವರು ಕೆಲವರಿದ್ದಾರೆ. ಅವರಿಗೆ ನಾವು ಋಣಿಗಳು.

ಮಗುವಿನ ಸಿಳ್ಳಿಗೆ ಆ ಗೋಡೆಯೇ ಕಾರಣವೆ? ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಬ್ಬಸ, ಕೆಮ್ಮು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಒಂದು ಮಾರ್ಗದರ್ಶಿಯನ್ನೇ ಹೊರಡಿಸಿದೆ. ಆದರೆ ಈ ಮಗುವಿಗೆ ಈ ಗೋಡೆಯಿಂದಲೇ ಎಂದು ಅವರ ಡಾಕ್ಟರು ಹೇಳಲಿಲ್ಲ. ಹುಡುಗನಿಗೆ ಮೊದಲೇ ಇತ್ತು, ಊರಿನ ಧೂಳಿದೆ, ದೀಪಾವಳಿಯ ಹೊಗೆಯಿದೆ. ಇದನ್ನು ಕೇಳಿ ನಮಗೆ ಒಂದು ಕ್ಷಣ ಹಗುರಾಯಿತು. ಮರುಕ್ಷಣ, ಹಗುರಾಗಲು ನಮಗೇನು ಹಕ್ಕು ಎನ್ನಿಸಿತು. ಕಲ್ಲು ಎಸೆದವನ ಕಲ್ಲು ಗುರಿ ತಪ್ಪಿತೋ ತಾಗಿತೋ ಎಂಬುದು ಅವನ ಅದೃಷ್ಟ. ಎಸೆದದ್ದು ಮಾತ್ರ ಅವನದೇ. ಆ ಮೇ ತಿಂಗಳ ಮಧ್ಯಾಹ್ನ ಮಗುವಿಗೆ ಏನೂ ಆಗುವುದಿಲ್ಲವೆಂದು ತಿಳಿದು ನಾವು ಸುಮ್ಮನಿರಲಿಲ್ಲ. ತಿಳಿಯುವ ಗೊಡವೆಗೇ ಹೋಗದೆ ಸುಮ್ಮನಿದ್ದೆವು.

ಮುಂದಿನ ಭಾನುವಾರ ಹಾಳೆ, ಟೇಪು ಹಿಡಿದು ಹಳೆಯ ಮನೆಗೆ ಹೋದೆವು. ನಮ್ಮ ಕ್ಯಾಲೆಂಡರು ಇನ್ನೂ ಗೋಡೆಯ ಮೇಲೆ ಇತ್ತು, ಮೇ ತಿಂಗಳ ಹಾಳೆಯಲ್ಲಿಯೇ. ಮಗುವಿನ ಮಂಚವನ್ನು ಮುಂದಿನ ಕೋಣೆಗೆ ಹಾಕಿದೆವು, ಬೀರುವನ್ನು ಗೋಡೆಯಿಂದ ಎಳೆದೆವು, ಕಿಟಕಿ ಯಾವುದು ಯಾವಾಗ ತೆರೆಯಬೇಕು ತೋರಿಸಿದೆವು. ಆಮೇಲೆ ಮೇಲೆ ಹೋಗಿ ಮೇಷ್ಟರಿಗೆ ಒಂಬತ್ತು ವರ್ಷದ ಹಿಂದೆ ಬುಟ್ಟಿಗೆ ಹಾಕಿದ ಎರಡನೆಯ ಹಾಳೆಯ ವಿಷಯ ಹೇಳಿದೆವು. ಅವರು ನಕ್ಕುಬಿಟ್ಟರು. 'ಗೊತ್ತಿತ್ತು' ಎಂದರು. ಗೋಡೆ ತಳದಿಂದ ಒಸರುವುದು ಅವರಿಗೂ ಮೊದಲಿನಿಂದ ಗೊತ್ತಿತ್ತಂತೆ. ಆ ಲಕ್ಷ್ಮೀ ಕ್ಯಾಲೆಂಡರನ್ನು ಅಲ್ಲಿ ಬಿಟ್ಟು ಹೋಗಿ ಎಂದು ಹಿಂದಿನವರಿಗೆ ಹೇಳಿದ್ದು ಅವರ ಪತ್ನಿಯಂತೆ. ಹೀಗೆ ಎಲ್ಲರಿಗೂ ಎಲ್ಲವೂ ಗೊತ್ತಿತ್ತು, ಹೊಸದಾಗಿ ಬರುವವರೊಬ್ಬರನ್ನು ಬಿಟ್ಟು.

2015ರ ಡಿಸೆಂಬರಿನ ಪ್ರವಾಹದಲ್ಲಿ ಆ ಬೀದಿಗೆ ನೀರು ನುಗ್ಗಿತು. ಮೇಷ್ಟರು ಕೆಳಗಿನವರನ್ನು ನಾಲ್ಕು ದಿನ ಮಹಡಿಯ ಮೇಲೆ ತಮ್ಮ ಜೊತೆ ಇರಿಸಿಕೊಂಡರು. ನೀರು ಇಳಿದ ಮೇಲೆ ಯಾವ ಗೋಡೆ ಯಾರದು ಎಂಬ ವ್ಯಾಜ್ಯವೇ ಉಳಿಯಲಿಲ್ಲ, ಎಲ್ಲವೂ ಎದೆಮಟ್ಟ ಒದ್ದೆ. 2016ರ ಮೇನಲ್ಲಿ ಆ ದಂಪತಿಗಳು ಮನೆ ಬಿಟ್ಟರು. ನೋಡಲು ಬಂದವರಿಗೆಲ್ಲ ಆಕೆ ಒಳಕೋಣೆಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿ, ನವೆಂಬರಿನಲ್ಲಿ ಹೇಗಿರುತ್ತದೆಂದು ಹೇಳುತ್ತಿದ್ದಳು. ಎರಡು ಪಾರ್ಟಿಗಳು ಬಂದ ದಾರಿಯಲ್ಲೇ ಹೋದವು. ಮೇಷ್ಟರಿಗೆ ಸಿಟ್ಟು ಬಂತು, ಅಡ್ವಾನ್ಸು ಎರಡು ತಿಂಗಳು ತಡವಾಯಿತು. ಅವರ ಹೊಸ ಮನೆಯ ಮುಂಗಡಕ್ಕೆ ಒಂದಿಷ್ಟು ನಾವು ಕೊಟ್ಟೆವು. ಮೂರನೆಯವರು ತಿರುನೆಲ್ವೇಲಿಯ ಕಡೆಯವರು. ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, ಬಾಡಿಗೆಯಲ್ಲಿ ಒಂದು ಸಾವಿರ ಇಳಿಸಿಕೊಂಡು ಸೇರಿದರು. ಗಾರೆ ಕಿತ್ತು ಸುಣ್ಣದಲ್ಲಿ ಮಾಡಿಸಿಕೊಡುತ್ತೇನೆಂದು ಮೇಷ್ಟರು ಅವರಿಗೆ ಮಾತು ಕೊಟ್ಟರಂತೆ. ಮಾಡಿಸಿದರೋ ಇಲ್ಲವೋ ನಾವು ವಿಚಾರಿಸಲಿಲ್ಲ.

ಈಗ ನಾವಿರುವುದು ನಂಗನಲ್ಲೂರಿನಲ್ಲಿ, ಎರಡನೆಯ ಮಹಡಿ, ಇದೂ ಬಾಡಿಗೆಯದೇ. ನೆಲದ ಓದಂ ಇಷ್ಟು ಮೇಲಕ್ಕೆ ಹತ್ತುವುದಿಲ್ಲ ಎಂದು ನೆಮ್ಮದಿಯಾಗಿದ್ದೆವು. ಪಕ್ಕದ ಫ್ಲಾಟಿನವರು ಮಲಗುವ ಕೋಣೆಗೆ ಏಸಿ ಹಾಕಿಸಿ 18ರಲ್ಲಿ ಇಟ್ಟುಕೊಂಡು ಮಲಗತೊಡಗಿದ ಮೇಲೆ ನಡುಗೋಡೆಯ ನಮ್ಮ ಕಡೆ ಬೆವರತೊಡಗಿತು. ಚೆನ್ನೈಯ 30 ಡಿಗ್ರಿಯ ಗಾಳಿಯಲ್ಲಿ ಶೇಕಡಾ 80ರಷ್ಟು ತೇವವಿದ್ದರೆ, 26 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಗೆ ತಾಗಿದರೂ ಆ ಗಾಳಿ ಹನಿಯಾಗುತ್ತದೆ. ತಂಪು ಅವರದು, ನೀರು ನಮ್ಮದು. ಹಾಳೆ ಅಂಟಿಸಿ ನೋಡಿ, ಹೋಗಿ ಹೇಳಿದೆವು. ಅವರು 25ಕ್ಕೆ ಏರಿಸಿದ್ದಾರೆ. ಬೆವರು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಮುಂದಿನ ವರ್ಷ ಈ ಮನೆಯನ್ನೂ ಬಿಡಬೇಕಾಗಬಹುದು. ಅಡಿಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಒಂದು ಕಾಗದ ಅಂಟಿಸಿ, ಯಾವ ತಿಂಗಳು ಯಾವ ಮೂಲೆ ಒದ್ದೆಯಾಗುತ್ತದೆ, ಯಾವ ಪೈಪು ಎಲ್ಲಿ ಸೋರುತ್ತದೆ, ಯಾವ ಕಿಟಕಿಯನ್ನು ಮುಚ್ಚಬಾರದು ಎಂದು ಬರೆದಿಡುತ್ತಿದ್ದೇವೆ. ಬರುವವರು ಯಾರೋ, ಯಾವ ಮಾತಿನವರೋ ತಿಳಿಯದು. ಆದ್ದರಿಂದ ಕನ್ನಡದಲ್ಲಿ ಬರೆದು, ಕೆಳಗೆ ತಮಿಳಿನಲ್ಲಿಯೂ ಬರೆದೆವು. ಇಲ್ಲಿಯೇ ಹುಟ್ಟಿ, ಇಲ್ಲಿಯ ಶಾಲೆಯಲ್ಲಿ ಓದಿದ ಮಗಳು ಅದನ್ನು ನೋಡಿ, 'ಓದಂ' ಎಂಬ ಒಂದೇ ಮಾತಿನಲ್ಲಿ ಎರಡು ತಪ್ಪು ತಿದ್ದಿದಳು.